ಎರಡು ಗೆಣ್ಣು ಒಣಗಿದ ಮೇಲೆ

ಫೆಬ್ರವರಿ 18, 2024. ಭಾನುವಾರ, ಬೆಳಿಗ್ಗೆ 8

ಮಾಳಿಗೆಯ ಮೇಲೆ ಮತ್ತೆ ಅದೇ ಜಗಳ. ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ಮಗ್ ಹಿಡಿದು ಕುಂಡಗಳ ನಡುವೆ.

"ಬೆರಳಿಟ್ಟು ನೋಡಿದೇನು?"

"ನೋಡಿದೆ."

"ಸುಳ್ಳು. ನಿನ್ನ ಬೆರಳಿಗಿ ಮಣ್ಣೇ ಹತ್ತಿಲ್ಲ."

ಹೌದು, ನೋಡಿರಲಿಲ್ಲ. ಮೇಲಿನ ಮಣ್ಣು ಬಿಳಿಚಿತ್ತು, ಅಷ್ಟು ಸಾಕು ಎಂದುಕೊಂಡೆ. ಸಾಲದಂತೆ. ಬೆರಳು ಎರಡು ಗೆಣ್ಣಿನ ತನಕ ಒಳಗೆ ಇಳಿಸಬೇಕು. ಅಲ್ಲಿಯವರೆಗೆ ಒಣಗಿದ್ದರೆ ಮಾತ್ರ ನೀರು. ಜೆರೇನಿಯಂ ನೀರಿಲ್ಲದೆ ಸಾಯುವುದು ಕಡಿಮೆ, ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ... ಮದುವೆಯಾದ ವರ್ಷದಿಂದ ಈ ಪಾಠ ಕೇಳುತ್ತಿದ್ದೇನೆ. ಡ್ರಾಯಿಂಗ್ ಮಾಸ್ತರರಿಗೆ ಪಾಠ ಮಾಡುವ ಚಟ. ಎರಡು ವರ್ಷದಿಂದ ಶಾಲೆಗೆ ಹೋಗಲು ಆಗುತ್ತಿಲ್ಲ, ಈಗ ನಾನೊಬ್ಬಳೇ ಇಡೀ ಕ್ಲಾಸು.

ಆದರೆ ಹೂವಿನ ವಿಷಯದಲ್ಲಿ ಸುಳ್ಳು ಹೇಳಬಾರದು. ಕೆಂಪು, ತಿಳಿಗುಲಾಬಿ, ಬಿಳಿ. ಗೊಂಚಲು ಗೊಂಚಲು. ಎಲೆ ಮುಟ್ಟಿದರೆ ಕೈಗೆಲ್ಲ ಆ ಘಾಟು ವಾಸನೆ, ಸಾಬೂನಿಗೂ ಬಗ್ಗುವುದಿಲ್ಲ. ಎಂದೋ ಟ್ರೇನಿಂಗಿಗೆಂದು ಊಟಿಗೆ ಹೋದಾಗ ಒದ್ದೆ ಪೇಪರಿನಲ್ಲಿ ಸುತ್ತಿ ತಂದ ಮೂರು ಕಡ್ಡಿಗಳ ಮಕ್ಕಳು, ಮೊಮ್ಮಕ್ಕಳು. ನಮಗೆ ಆಗಲಿಲ್ಲ, ಇವಕ್ಕೆ ಲೆಕ್ಕವೇ ಇಲ್ಲ.

ಈಗ ಕುಂಡಗಳೂ ಆಸ್ಪತ್ರೆಯಿಂದಲೇ ಬರುತ್ತವೆ. ಡಯಾಲಿಸಿಸ್ ಔಷಧದ ಬಿಳಿ ಕ್ಯಾನುಗಳು. ಸಿಸ್ಟರ್ ಹತ್ತಿರ ಕೇಳಿ ಖಾಲಿಯಾದವು ತರುತ್ತಾರೆ. ಅರ್ಧಕ್ಕೆ ಕೊಯ್ದು, ಕಾಯಿಸಿದ ಸಲಾಕೆಯಿಂದ ತಳಕ್ಕೆ ತೂತು. "ತೂತು ಇನ್ನೆರಡು ಹಾಕು, ನೀರು ನಿಲ್ಲಬಾರದು" ಎನ್ನುತ್ತಾರೆ. ಹಾಕಿದೆ. ಕೈ ಸುಟ್ಟುಕೊಂಡೆ. ಬೈದೆ.

ಕೆಳಗೆ ಬಂದು ಅವರ ದಿನದ ಬಾಟಲಿ ತುಂಬಿಸಿಟ್ಟೆ. ಮುಕ್ಕಾಲು ಲೀಟರ್. ಚಹಾ, ಮಜ್ಜಿಗೆ, ಮಾತ್ರೆ ನುಂಗುವುದು ಎಲ್ಲ ಅದರಲ್ಲೇ. ಕಿಡ್ನಿ ಕೈಕೊಟ್ಟ ಮೇಲೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಅವರು ನನ್ನ ಮಗ್ ಕಾಯುತ್ತಾರೆ, ನಾನು ಅವರ ಬಾಟಲಿ ಕಾಯುತ್ತೇನೆ. ಒಂದೇ ಮನೆಯಲ್ಲಿ ಇಬ್ಬರು ನೀರಿನ ಪೊಲೀಸರು.

ಫೆಬ್ರವರಿ 21. ಬುಧವಾರ, ಸಂಜೆ

ಡಯಾಲಿಸಿಸ್ ದಿನ. ಸೋಮ, ಬುಧ, ಶುಕ್ರ — ವಾರ ಅಂದರೆ ಈಗ ಇಷ್ಟೇ. ನನ್ನ ಶಾಲೆಯ ಪಾಠ ಮುಗಿಸಿ ನೇರ ಆಸ್ಪತ್ರೆಗೆ ಹೋದೆ. ಪೊಟ್ಯಾಶಿಯಂ ಮತ್ತೆ ಮೇಲೆ. ಡಾಕ್ಟರ್ ಗದರಿದರು. ಏನು ತಿಂದಿರಿ? ಎಳನೀರು ಕುಡಿದಿರಾ?

"ಟೊಮ್ಯಾಟೊ ಸಾರ್ರಿ... ಸ್ವಲ್ಪ," ಎಂದರು ಇವರು. ಹುಡುಗನ ಹಾಗೆ ತಲೆ ತಗ್ಗಿಸಿ.

ಡಾಕ್ಟರ್ ನನ್ನ ಕಡೆ ತಿರುಗಿ ಮತ್ತೊಮ್ಮೆ ಹೇಳಿದರು. ಎಳನೀರು ಬೇಡ, ಬಾಳೆಹಣ್ಣಂತೂ ಬೇಡವೇ ಬೇಡ. ನಮಗೆ ನಿಮಗೆ ಅದರ ಪೊಟ್ಯಾಶಿಯಂ ಶಕ್ತಿ, ಇವರಿಗೆ ವಿಷ. ಹೃದಯ ನಿಂತೇ ಹೋಗುತ್ತದೆ, ನಮಗೆ ಟೈಮೂ ಸಿಗುವುದಿಲ್ಲ.

ಮನೆಗೆ ಬಂದರೆ ಬಾಗಿಲಲ್ಲೇ ಬಾಳೆಗೊನೆ! ಕಮಲಾಪುರದ ಕೆಂಪು ಬಾಳೆ. ಪಕ್ಕದಲ್ಲಿ ಒಂದು ಚೀಲ ಕೆಂಪು ಮಣ್ಣು. ಇವರ ಅಕ್ಕ ಯಾವುದೋ ಜೀಪಿನವನ ಕೈಯಲ್ಲಿ ಕಳಿಸಿದ್ದಾಳೆ. ಮಣ್ಣು ಕುಂಡಗಳಿಗೆ. ನಮ್ಮ ಕಲಬುರಗಿಯ ಎರೆ ಮಣ್ಣು ಜೆರೇನಿಯಂಗೆ ಆಗುವುದಿಲ್ಲ, ನೀರು ಹಿಡಿದುಕೊಂಡು ಕೂತುಬಿಡುತ್ತದೆ. ಹಣ್ಣು ತಮ್ಮನಿಗೆ.

ಫೋನೂ ಬಂತು.

"ಮುಟ್ಟಿತೇನು ತ್ರಿವೇಣಿ? ದಿಲೀಪಗ ದಿನಾ ಎರಡು ಕೊಡು. ರಗತ ಆಗ್ತದ. ಸೂಜಿ ಚುಚ್ಚಿ ಚುಚ್ಚಿ ಇದ್ದ ರಗತ ಎಲ್ಲಾ ತಗೀಲಕತ್ತಾರ ಪಾಪ."

ಬಾಯಿ ತೆರೆದೆ. ಇವರು ಕೈ ಅಡ್ಡ ಹಿಡಿದರು. ಕಣ್ಣಲ್ಲೇ — ಬೇಡ.

"ಕೊಡ್ತೀನಿ ಅಕ್ಕಾ," ಎಂದೆ.

ಆಮೇಲೆ ಕೇಳಿದೆ, ಎಷ್ಟು ದಿನ ಹೀಗೆ?

"ನಾಕು ವರ್ಷದವ ಇದ್ದಾಗ ಅವ್ವ ಸತ್ತಳು. ಮಂದಿ ತ್ವಾಟದಾಗ ದುಡದು, ಉದುರಿದ ಬಾಳಿಹಣ್ಣು ಉಡ್ಯಾಗ ಕಟಗೊಂಡು ಬಂದು ನನ್ನ ಸಾಕ್ಯಾಳ ಅಕ್ಕ. ಈಗ ಸ್ವಂತ ತ್ವಾಟ ಮಾಡ್ಯಾಳ. ಅದೇ ಹಣ್ಣು ನನಗ ವಿಷ ಅಂತ ಹ್ಯಾಂಗ ಹೇಳ್ಲಿ? ತ್ವಾಟ ಕಡದು ಹಾಕ್ತಾಳ ಅಕಿ. ಹೇಳಬ್ಯಾಡ."

ಸರಿ. ಗೊನೆ ಎದುರುಮನೆ ಅಮೀನಾಳ ಮಕ್ಕಳಿಗೆ. ಎರಡು ವರ್ಷದಿಂದ ಇದೇ ನಡೆದಿದೆ. ಅಕ್ಕ ಕಳಿಸುವುದು, ಭಾಳ ಸಿಹಿ ಇದ್ದವು ಎಂದು ನಾವು ಹೇಳುವುದು, ಅಮೀನಾಳ ಮಕ್ಕಳು ತಿನ್ನುವುದು. ಅಕ್ಕನ ಮನೆಯಿಂದ ಬಂದದ್ದನ್ನು ಬೇಡ ಎನ್ನುವ ಬಾಯಿ ನಮ್ಮಿಬ್ಬರಿಗೂ ಇಲ್ಲ.

ಮಾರ್ಚ್ 24. ಭಾನುವಾರ, ಮಧ್ಯಾಹ್ನ

ಬಿಸಿಲು ಸುರುವಾಯಿತು. ಪಶ್ಚಿಮದ ಗೋಡೆಯ ಕುಂಡಗಳನ್ನೆಲ್ಲ ಎತ್ತಿ ಪೂರ್ವದ ಮೂಲೆಗೆ, ಹಸಿರು ನೆಟ್ ಕೆಳಗೆ. ಬೆಳಗಿನ ಬಿಸಿಲು ಎರಡು ತಾಸು ಬಿದ್ದರೆ ಸಾಕಂತೆ. ಎತ್ತಿದವಳು ನಾನು. ಇವರು ಬೆರಳು ತೋರಿಸುತ್ತಾರೆ, "ಅದು ಸ್ವಲ್ಪ ಆಕಡಿ... ಇದು ಈಕಡಿ..." ಸೊಂಟ ಬಿತ್ತು.

ಒಣಗಿದ ಹೂವಿನ ದಂಟುಗಳನ್ನು ಬುಡದಿಂದ ಮುರಿದೆ. ಮೊದಲೆಲ್ಲ ಮೇಲಿನ ಹೂವಷ್ಟೇ ಚಿವುಟುತ್ತಿದ್ದೆ, ದಂಟು ಹಾಗೇ ಕೊಳೆಯುತ್ತಿತ್ತು. ಈಗ ಕಲಿತಿದ್ದೇನೆ. ಬುಡದ ಗಂಟಿನ ಹತ್ತಿರ ಬಗ್ಗಿಸಿದರೆ ಟಕ್ ಎಂದು ತಾನೇ ಬರುತ್ತದೆ.

ಎಲೆಯ ಅಂಚು ಹಳದಿ. ನನಗೆ ಗಾಬರಿ. ಇವರಿಗೆ ಇಲ್ಲ.

"ಬ್ಯಾಸಗಿ ನಿದ್ದಿ ಅದು. ಈಗ ಹೂವ ಕೇಳಬಾರದು, ಗೊಬ್ಬರ ಹಾಕಬಾರದು. ನೀರೂ ಕಡಿಮಿ. ಸುಮ್ಮನ ಬಿಡಬೇಕು. ತಂಪಾದ ಮ್ಯಾಲ ತಾನೇ ಏಳ್ತದ."

ಮಧ್ಯಾಹ್ನ ಐಸಿನ ತುಂಡೊಂದು ಬಾಯಲ್ಲಿಟ್ಟುಕೊಂಡು ಕೂತಿದ್ದರು. ಬಾಟಲಿ ಆಗಲೇ ಖಾಲಿ. ಇನ್ನೊಂದು ತುಂಡು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು, ಮೆಲ್ಲಗೆ. ಇಲ್ಲ ಎಂದೆ, ಜೋರಾಗಿ. ಬಾಗಿಲಿಗೆ ಬಂದ ಕೊರಿಯರ್ ಹುಡುಗನಿಗೂ ಮೊದಲು ನೀರು ಕೊಟ್ಟು ಆಮೇಲೆ ಸಹಿ ಮಾಡುವ ಊರು ಇದು. ಇಲ್ಲಿ ನಾನು ಗಂಡನಿಗೆ ನೀರಿಲ್ಲ ಎನ್ನುತ್ತೇನೆ. ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 14. ಭಾನುವಾರ, ಸಂಜೆ 7

ಬಾಬಾಸಾಹೇಬರ ಜಯಂತಿ. ನನಗೆ ಶಾಲೆಯಲ್ಲಿ ಕಾರ್ಯಕ್ರಮ, ಮಕ್ಕಳ ಭಾಷಣದ ಜವಾಬ್ದಾರಿ ಹಿಂದಿ ಟೀಚರ್‌ದು, ಅಂದರೆ ನನ್ನದೇ. ಇವರು ಕಮಲಾಪುರಕ್ಕೆ ಹೊರಟು ನಿಂತರು. ಬೇಡ ಎಂದೆ. ಶುಕ್ರವಾರ ಡಯಾಲಿಸಿಸ್ ಆದದ್ದು, ಮುಂದಿನದು ನಾಳೆ. ವಾರದಲ್ಲಿ ಇದೇ ದೊಡ್ಡ ಗ್ಯಾಪು.

"ಹುಟ್ಟಿದಾಗಿಂದ ಊರಾಗಿನ ಜಯಂತಿ ತಪ್ಪಿಸಿಲ್ಲ. ಸಂಜೀಕ ಬರ್ತೀನಿ, ಬಿಡು."

ಬಾಟಲಿ ಕೈಗೆ ಕೊಟ್ಟು ಬಸ್ ಹತ್ತಿಸಿದೆ.

ಆರು ಗಂಟೆಗೆ ಬಂದರು. ಹಣೆ ತುಂಬ ನೀಲಿ ಗುಲಾಲು. ಇಷ್ಟು ಅರಳಿದ ಮುಖ ನೋಡಿ ಎಷ್ಟು ದಿನವಾಗಿತ್ತು! ಬಾಟಲಿಯಲ್ಲಿ ಇನ್ನೂ ನೀರು ಉಳಿಸಿಕೊಂಡು ಬಂದಿದ್ದಾರೆ. ಅಲ್ಲಾಡಿಸಿ ತೋರಿಸಿದರು. "ನೋಡಿಕೋ, ಪೊಲೀಸ್."

"ಊಟಕ್ಕ ಏನಿತ್ತು?"

"ರೊಟ್ಟಿ, ಹೆಸರುಬ್ಯಾಳಿ. ಮತ್ತೇನ್ ಇರ್ತದ."

ಮಾಳಿಗೆ ಹತ್ತಲು ಕಾಲು ಬರುತ್ತಿಲ್ಲ ಎಂದರು. ಜೋಮು ಹಿಡಿದ ಹಾಗಿದೆಯಂತೆ. ಬಸ್ಸಿನಲ್ಲಿ ನಿಂತು ಬಂದದ್ದಕ್ಕೆ. ನಾನೊಬ್ಬಳೇ ಹೋದೆ. ಪ್ರತಿ ಕುಂಡಕ್ಕೂ ಬೆರಳಿಟ್ಟು ನೋಡಿದೆ. ಒಳಗೆ ತೇವ ಇತ್ತು, ನೀರು ಹಾಕಲಿಲ್ಲ. ಕೆಳಗೆ ಬಂದು ಮಣ್ಣು ಹತ್ತಿದ ಬೆರಳು ತೋರಿಸಿದೆ.

"ಪಾಸ್," ಎಂದರು. ಈಗ ಸುಮ್ಮನೆ ಮಲಗಿದ್ದಾರೆ. ನಾಳೆ ಬೇಗ ಏಳಬೇಕು.

ಏಪ್ರಿಲ್ 28. ಭಾನುವಾರ

ಬರೆಯಬಾರದು ಎಂದುಕೊಂಡಿದ್ದೆ. ಕೈ ಸುಮ್ಮನಿರುತ್ತಿಲ್ಲ.

ಜಯಂತಿಯ ಮರುದಿನ ಬೆಳಗಿನ ಜಾವ. ಬಚ್ಚಲಿಗೆಂದು ಎದ್ದವರು ಬಾಗಿಲ ಹತ್ತಿರ ಕುಸಿದರು. ಅಮೀನಾಳ ಗಂಡ ಆಟೊ ತೆಗೆದ. ನನ್ನ ತೊಡೆಯ ಮೇಲೆ ತಲೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು.

ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ ಕೇಳಿದರು. ನಿನ್ನೆ ಏನು ತಿಂದಿದ್ದರು? ಬಾಳೆಹಣ್ಣೇನಾದರೂ? ಇಲ್ಲ ಎಂದೆ. ನನಗೆ ಗೊತ್ತಿದ್ದದ್ದು ರೊಟ್ಟಿ, ಹೆಸರುಬೇಳೆ.

ಮಧ್ಯಾಹ್ನ ಅಕ್ಕ ಬಂದಳು. ಬಾಗಿಲಿನಿಂದಲೇ ಕೂಗಿಕೊಂಡು ಬಂದು ತಮ್ಮನ ಮೇಲೆ ಬಿದ್ದಳು.

"ನಿನ್ನೀನೇ ನನ್ನ ಕೈಯಾಗಿಂದ ಮೂರು ಬಾಳಿಹಣ್ಣು ತಿಂದಿದ್ಯಲ್ಲೋ ತಮ್ಮಾ... ನಾನೇ ಸುಲದು ಕೊಟ್ಟಿದ್ದೆಲ್ಲೋ... ಸಣ್ಣವನಂಗ ತಿಂದ್ಯಲ್ಲೋ... ಹೊಟ್ಟಿ ತುಂಬಿಸ್ಕೊಂಡು ಹೋದ್ಯಲ್ಲೋ ನನ್ನ ಬಂಗಾರಾ..."

ಮೂರು.

ನೆರೆದ ಹೆಂಗಸರು ಆಕೆಯನ್ನು ಹಿಡಿದುಕೊಂಡು ಸಮಾಧಾನ ಮಾಡಿದರು. "ಪುಣ್ಯಾ ಮಾಡೀಯವ್ವ ಭೀಮಬಾಯಿ. ಸಾಕಿದ ಕೈಯಿಂದನೇ ತಿಂದು ಹೋಗ್ಯಾನ. ಎಷ್ಟು ಮಂದಿಗಿ ಸಿಗ್ತದ?" ಅಕ್ಕ ಹೌದು ಹೌದು ಎಂದು ತಲೆಯಾಡಿಸಿದಳು. ಆ ಒಂದು ಮಾತು ಹಿಡಿದುಕೊಂಡು ಆ ದಿನ ದಾಟಿದಳು. ಬುದ್ಧವಿಹಾರದ ಭಂತೇಜಿ ಬಂದು ತ್ರಿಶರಣ ಹೇಳಿಸಿದಾಗಲೂ, ಮಣ್ಣು ಮಾಡಿ ಬಂದ ಮೇಲೂ, ಬಂದವರಿಗೆಲ್ಲ ಅದನ್ನೇ ಹೇಳಿದಳು. ಮೂರು ತಿಂದ. ನನ್ನ ಕೈಯಿಂದ.

ಯಾರಿಗೂ ಹೇಳಿಲ್ಲ ನಾನು. ಡಾಕ್ಟರಿಗೂ ಮತ್ತೆ ಹೋಗಿ ಹೇಳಲಿಲ್ಲ. ಇಲ್ಲಿ ಬರೆದೆ, ಅಷ್ಟೇ.

ಅಕ್ಕನಿಗೆ ಗೊತ್ತಿರಲಿಲ್ಲ. ಹೇಳದವರು ನಾವು. ಎಲ್ಲ ಗೊತ್ತು ನನಗೆ. ಆದರೂ ಆಕೆಯ ಕೈ ಕಂಡರೆ ಮೈ ಉರಿಯುತ್ತದೆ. ಆಕೆಗೆ ಇದು ತಿಳಿಯಬಾರದು, ತಿಳಿದರೆ ಉಳಿಯುವುದಿಲ್ಲ. ಮತ್ತೆ ಒಂದೊಂದು ಸಲ — ತಿಳಿಯಲಿ, ಒಂದು ದಿನವಾದರೂ ನನ್ನ ಹಾಗೆ ಉರಿಯಲಿ ಅನಿಸುತ್ತದೆ. ಎಂಥ ಹೆಂಗಸು ನಾನು.

ಮೇ 23. ಗುರುವಾರ. ಬುದ್ಧ ಪೂರ್ಣಿಮೆ

ಪ್ರತಿ ವರ್ಷ ಈ ಹೊತ್ತಿಗೆ, ಎಂಥ ಬಿಸಿಲಿದ್ದರೂ, ಯಾವುದೋ ಮೂಲೆಯ ಕುಂಡದಲ್ಲಿ ಒಂದು ಗೊಂಚಲು ಉಳಿಸಿರುತ್ತಿದ್ದರು. ಬುದ್ಧನ ಮುಂದೆ ಇಡಲು. ಈ ಸಲ ಒಂದೂ ಇಲ್ಲ. ಸೂಪರ್ ಮಾರ್ಕೆಟಿನಿಂದ ಸೇವಂತಿಗೆ ತಂದಿಟ್ಟೆ.

ಕೆಲವು ಕುಂಡ ಪೂರ್ತಿ ಒಣಗಿವೆ. ಕಡ್ಡಿ ಉಗುರಿನಿಂದ ಗೀರಿ ನೋಡಿದೆ, ಒಳಗೆ ಹಸಿರಿದ್ದರೆ ಇಟ್ಟುಕೊಂಡೆ, ಕಂದು ಇದ್ದರೆ ಕಿತ್ತೆ. ಒಂಬತ್ತು ಉಳಿದಿವೆ. ಉದ್ದಕ್ಕೆ ಸೊರಗಿದ ರೆಂಬೆಗಳನ್ನು ಮೊಟಕು ಮಾಡಿದೆ. ಬೆಳಿಗ್ಗೆ ಮಾತ್ರ ನೀರು, ಬೆರಳಿಟ್ಟು ನೋಡಿ. ಈ ಒಂಬತ್ತು ಸಾಯಬಾರದು. ಸತ್ತರೆ ನಾನು ಏನು ಮಾಡುತ್ತೇನೋ ಗೊತ್ತಿಲ್ಲ.

ಲೋಟ ತುಂಬ ನೀರು ಕುಡಿಯಲು ಇನ್ನೂ ಆಗುತ್ತಿಲ್ಲ. ಅರ್ಧಕ್ಕೆ ಇಡುತ್ತೇನೆ.

ಜೂನ್ 16. ಭಾನುವಾರ

ಮಳೆ ಬಂತು. ಶಾಲೆ ಸುರುವಾಗಿದೆ. ಅಕ್ಕನೂ ಬಂದಿದ್ದಾಳೆ, ಬಟ್ಟೆಗಂಟು ಸಮೇತ. "ಒಬ್ಬಾಕಿ ಹ್ಯಾಂಗ ಇರ್ತಿ ಈ ಮನ್ಯಾಗ? ಮಳಿಗಾಲ ಮುಗಿಯೂತನಾ ಇರ್ತೀನಿ. ತ್ವಾಟ ಮಗ ನೋಡ್ಕೋತಾನ."

ಬೇಡ ಎನ್ನಲು ಆಗಲಿಲ್ಲ. ರೊಟ್ಟಿ ಬಡಿಯುತ್ತಾಳೆ, ಪಾತ್ರೆ ತಿಕ್ಕುತ್ತಾಳೆ, ನನ್ನ ತಲೆಗೆ ಎಣ್ಣೆ ಹಚ್ಚಲು ಬರುತ್ತಾಳೆ. ತಲೆ ನೋವು ಎಂದು ತಪ್ಪಿಸಿಕೊಳ್ಳುತ್ತೇನೆ. ಹೂಂ, ಉಹೂಂ ಅಷ್ಟೇ ನನ್ನ ಮಾತು.

ಸಂಜೆ ಮಾಳಿಗೆಯ ಮೇಲೆ ಕುಂಡಗಳನ್ನು ಸವರುತ್ತಿದ್ದಳು. "ನೀ ಸಾಲಿಗಿ ಹೋಗಾಕಿ. ದಿಲೀಪನ ಗಿಡ ನನ್ನ ಕೈಯಾಗ ಬಿಡು." ಬೆರಳಿಡುವುದು ತೋರಿಸಿಕೊಟ್ಟೆ. ಎರಡು ಗೆಣ್ಣು. ಒಣಗಿದ ಮೇಲೆ ಮಾತ್ರ. ಮಳೆ ಜೋರಾದರೆ ಕುಂಡಗಳನ್ನು ಶೀಟಿನ ಕೆಳಗೆ ಸರಿಸಬೇಕು. "ಹೂಂ ಹೂಂ" ಎಂದಳು.

ಜೂನ್ 30. ಭಾನುವಾರ

ಇಡೀ ವಾರ ಶಾಲೆಯಲ್ಲಿ ದಾಖಲಾತಿ ಗಲಾಟೆ. ಮಾಳಿಗೆ ಹತ್ತಿರಲಿಲ್ಲ. ಇವತ್ತು ಹತ್ತಿದೆ.

ಕಾಂಡಗಳು ಬುಡದಿಂದ ಮೇಲಕ್ಕೆ ಕಪ್ಪಗೆ. ಮುಟ್ಟಿದರೆ ಮೆತ್ತಗೆ, ಕೈಗೇ ಬಂತು. ಮಣ್ಣೆಲ್ಲ ರಾಡಿ. ಸೆಗಣಿ ವಾಸನೆ. ಒಂದು, ಎರಡು, ಮೂರು... ಎಲ್ಲವೂ.

ಅಕ್ಕ ಹಿಂದೆಯೇ ಬಕೆಟ್ ಹಿಡಿದುಕೊಂಡು ಬಂದಳು.

"ದಿನಾ ಎರಡೂ ಹೊತ್ತು ನೀರು ಹಾಕೀನವ್ವ. ಎಲಿ ಸೊರಗಿದ್ದು ನೋಡ್ಲಿಕ್ಕಾಗ್ಲಿಲ್ಲ, ಅಮೀನಾನ ಕೈಲಿಂದ ಸೆಗಣಿ ತರಸಿ ಕಲಸಿ ಹಾಕ್ದೆ. ಬಾಳಿಗಿ ಹಿಂಗ ಹಾಕಿದ್ರ ಒಂದ ವಾರದಾಗ ಎದ್ದು ನಿಂದರ್ತದ. ಇದ್ಯಾಕ ಹಿಂಗಾತು?"

ಬಾಳೆಯ ಕೈ ಅದು. ಕೇಳಿದಷ್ಟು ನೀರು, ಕೇಳದಿದ್ದರೂ ಗೊಬ್ಬರ. ಆಕೆಗೆ ಗೊತ್ತಿರುವ ಬೆಳೆಸುವುದು ಅದೊಂದೇ. ಇದೆಲ್ಲ ಈಗ ಬರೆಯುವಾಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ.

"ಎಷ್ಟು ಸಲ ಹೇಳ್ದೆ ಅಕ್ಕಾ! ಯಾರ ಮಾತೂ ಕೇಳೂದಿಲ್ಲ ನೀವು. ಅದಕ್ಕ ಬೇಕೋ ಬ್ಯಾಡೋ ಕೇಳೂದಿಲ್ಲ. ತಿನಸಿ ತಿನಸಿ ಕೊಲ್ತೀರಿ!"

ಬಾಯಿಂದ ಬಂದೇ ಬಿಟ್ಟಿತು.

ಅಕ್ಕ ಬಕೆಟ್ ಕೆಳಗಿಟ್ಟಳು. ಸೆಗಣಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು. "ಗಿಡಕ್ಕ ಅಂದೇನು ತ್ರಿವೇಣಿ?"

"ಮತ್ತ್ಯಾರಿಗಿ ಅಂತಾರ?"

ಮಧ್ಯಾಹ್ನದ ಬಸ್ಸಿಗೆ ಹೋದಳು. ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ದೆ.

ಆಮೇಲೆ ಬ್ಲೇಡ್ ತೆಗೆದುಕೊಂಡು ಕೂತೆ. ಕಪ್ಪು ಏರದ ತುದಿಗಳನ್ನು ಹುಡುಕಿ ನಾಲ್ಕು ಬೆರಳುದ್ದ ಕೊಯ್ದೆ. ಒಳಗೆ ಪೂರ್ತಿ ಹಸಿರು ಕಾಣುವ ತನಕ ಕೊಯ್ಯಬೇಕು, ಒಂದು ಕಪ್ಪು ಚುಕ್ಕೆ ಉಳಿದರೂ ಮತ್ತೆ ಏರುತ್ತದೆ. ಐದು ಕಡ್ಡಿ ಸಿಕ್ಕವು. ಕೆಳಗಿನ ಎಲೆ ಚಿವುಟಿ, ನೆರಳಲ್ಲಿ ಪೇಪರಿನ ಮೇಲೆ ಹರಡಿದ್ದೇನೆ. ಕೊಯ್ದ ಬಾಯಿ ಒಣಗಲಿ. ನಾಳೆ ಮರಳಿನಲ್ಲಿ ಊರುತ್ತೇನೆ.

ಜುಲೈ 14. ಭಾನುವಾರ

ಮೂರು ಕಡ್ಡಿ ಹೋದವು. ಎರಡು ನಿಂತಿವೆ. ಎಳೆದು ನೋಡಬೇಕು ಅನಿಸುತ್ತದೆ, ಬೇರು ಬಿಟ್ಟಿದೆಯೋ ಎಂದು. ಎಳೆಯಬಾರದು.

ಅಕ್ಕನ ಫೋನಿಲ್ಲ. ನಾನೂ ಮಾಡಿಲ್ಲ. ನಂಬರ್ ತೆಗೆಯುತ್ತೇನೆ, ನೋಡುತ್ತೇನೆ, ಇಡುತ್ತೇನೆ. ಏನು ಹೇಳಲಿ? ಅರ್ಧ ಹೇಳಿಬಿಟ್ಟಿದ್ದೇನೆ. ಉಳಿದರ್ಧ ಆಕೆ ಕೂಡಿಸಿಕೊಂಡಳೋ ಏನೋ.

ಆಗಸ್ಟ್ 4. ಭಾನುವಾರ, ಸಂಜೆ

ಅಕ್ಕ ಬಂದಳು. ಬರಿಗೈಯಲ್ಲಿ. ಈ ಮನೆಗೆ ಬರಿಗೈಯಲ್ಲಿ ಬಂದದ್ದು ಇದೇ ಮೊದಲು. ಸೊರಗಿ ಹೋಗಿದ್ದಾಳೆ, ರವಿಕೆ ಜೋತು ಬಿದ್ದಿದೆ.

ಬಾಗಿಲು ತೆಗೆಯುವಷ್ಟರಲ್ಲಿ ಅಮೀನಾ ಎದುರಿನಿಂದ ಕೂಗಿದಳು, ಒಳ್ಳೆಯ ಮನಸ್ಸಿನಿಂದಲೇ.

"ಮೌಶಿ! ಸಲಾಂ ರೀ. ಈ ಸಲ ಕೇಲಾ ತರ್ಲಿಲ್ಲೇನ್ರಿ? ನಮ್ ಪೋರಗೋಳು ದಿನಾ ಕೇಳ್ತಾವ್ರಿ. ಎರಡು ವರ್ಷ ನಿಮ್ ಗೊನಿ ನಮ್ ಮನ್ಯಾಗೇ ಹಣ್ಣಾಗ್ಯಾವ. ಟೀಚರ್ ಭಾಳ ದಿಲ್‌ದಾರ್ ಇದ್ದಾರ್ರಿ, ಎಲ್ಲಾ ನಮಗೇ ಕೊಡ್ತಿದ್ರು."

ಅಕ್ಕ ನಕ್ಕಳು ಆಕೆಗೆ. "ತರ್ತೀನವ್ವ, ಮುಂದಿನ ಸಲ." ಒಳಗೆ ಬಂದಳು. ನೀರು ಕೊಟ್ಟೆ, ಕುಡಿಯಲಿಲ್ಲ. "ಮ್ಯಾಲ ಹೋಗೋಣು ನಡಿ," ಎಂದಳು.

ಮಾಳಿಗೆಯಲ್ಲಿ ಎರಡೇ ಎರಡು ಕ್ಯಾನು. ಕಡ್ಡಿಗಳಿಗೆ ಹೊಸ ಎಲೆ ಬಂದಿವೆ, ಬೆರಳ ಉಗುರಿನಷ್ಟು. ಅಕ್ಕ ಕೂತು ನೋಡಿದಳು. ಮುಟ್ಟಲಿಲ್ಲ.

"ಎಲ್ಲಾ ಗೊನಿ ಅಕಿಗಿ ಕೊಟ್ಟಿ?"

ನಾನು ಕ್ಯಾನಿನಲ್ಲಿ ಬಿದ್ದಿದ್ದ ಕಸ ಆರಿಸಿದೆ.

"ಅವತ್ತು ನೀ ಅಂದದ್ದು ಗಿಡಕ್ಕಲ್ಲ. ನನಗ ತಿಳದದ. ಒಂದ ತಿಂಗಳಾತು, ಅನ್ನ ಗಂಟಲಾಗ ಇಳಿವಲ್ದು." ಉಸಿರು ತೆಗೆದುಕೊಂಡಳು. "ನಾ ಕೇಳಿದ್ದೆ ತ್ರಿವೇಣಿ. ಮಳ್ಳಿ ಅಲ್ಲ ನಾ. ನಮ್ಮ ಓಣ್ಯಾಗ ಒಬ್ಬಾಕಿ ಅಂದಿದ್ಳು, ಈ ಬ್ಯಾನಿ ಇದ್ದವರಿಗಿ ಕೆಲವು ಹಣ್ಣು ನಡಿಯೂದಿಲ್ಲ ಅಂತ. ಜಯಂತಿ ದಿನ ಸುಲಿಯೂಕಿಂತ ಮೊದ್ಲ ಕೇಳ್ದೆ, ಡಾಕ್ಟರ್ ಏನಂದಾನೋ ತಮ್ಮಾ, ನಿನಗ ನಡೀತದೇನು ಅಂತ. ಅಂವಾ ನಕ್ಕ. 'ಡಾಕ್ಟರೇ ತಿನ್ನು ಅಂದಾರಕ್ಕಾ, ತ್ರಿವೇಣಿ ದಿನಾ ಕೊಡ್ತಾಳ' ಅಂದ. ನಾ ಒಂದ ಸುಲದಿದ್ದೆ. ಇನ್ನೆರಡು ತಾನೇ ಕೇಳಿ ತಿಂದ. ನಿನ್ನ ಕೈಯಿಂದ ತಿಂದು ಭಾಳ ದಿನಾ ಆತಕ್ಕಾ, ಸುಲಿ ಅಂದ."

ತಾವೇ ಕೇಳಿ ತಿಂದರು. ಗೊತ್ತಿದ್ದೂ, ನಕ್ಕು, ಕೇಳಿ.

ಮೂರೂವರೆ ತಿಂಗಳು ನಾನು ಈ ಹೆಂಗಸಿನ ಕೈಯನ್ನು ದ್ವೇಷಿಸಿದೆ. ಆಕೆ ಕೇಳಿದ್ದಳು. ಕೇಳಿಯೇ ಸುಲಿದಿದ್ದಳು.

"ಖರೆ ಹೇಳು. ಡಾಕ್ಟರ್ ತಿನ್ನು ಅಂದಿದ್ದು ಖರೇನಾ? ನೀ ದಿನಾ ಕೊಡ್ತಿದ್ದೇನು? ಇಲ್ಲಾ... ನಾನೇ ನನ್ನ ತಮ್ಮಗ..." ನನ್ನ ಮುಖವನ್ನೇ ನೋಡುತ್ತಿದ್ದಳು.

ಆಕೆಯ ಪಕ್ಕದಲ್ಲಿ ಕೂತೆ. ಕೈ ಹಿಡಿದುಕೊಂಡೆ. ಒರಟು ಕೈ, ಉಗುರಿನ ಸಂದಿಯಲ್ಲಿ ಬಾಳೆಯ ಕಲೆ.

"ಖರೇನೇ ಅಕ್ಕಾ. ಡಾಕ್ಟರ್ ಅಂದಿದ್ರು. ದಿನಾ ಒಂದು ಕೊಡ್ತಿದ್ದೆ. ಅಷ್ಟು ದೊಡ್ಡ ಗೊನಿ ಇಬ್ಬರು ಎಷ್ಟಂತ ತಿಂತೀವಿ? ಉಳಿದದ್ದು ಅಮೀನಾಗ ಕೊಡ್ತಿದ್ದೆ. ಅಕಿ ದೊಡ್ಡದು ಮಾಡಿ ಹೇಳ್ತಾಳ."

"ಮತ್ತ ಅವತ್ತು ಅಂದದ್ದು?"

"ಗಿಡದ ಸಿಟ್ಟು ಅಕ್ಕಾ. ಅವರ ಗಿಡ ಹೋದ್ವು ಅಂತ. ಅಷ್ಟೇ."

"ಹಂಗಾದ್ರ ಅವಂದು..."

"ಹೃದಯ ವೀಕ್ ಇತ್ತು. ಡಾಕ್ಟರ್ ಮೊದ್ಲೇ ಹೇಳಿದ್ರು. ನಿಮಗ ಹೇಳಿದ್ರ ಹೆದರ್ತೀರಿ ಅಂತ ಅವರೇ ಬ್ಯಾಡಂದಿದ್ರು."

ನಂಬಿದಳೋ, ನಂಬಬೇಕೆಂದು ಮನಸ್ಸು ಮಾಡಿದಳೋ ಗೊತ್ತಿಲ್ಲ. ಆಮೇಲೆ ನನ್ನ ಹೆಗಲಿಗೆ ಹಣೆ ಇಟ್ಟು ಅತ್ತಳು. ಹಾಡಿಕೊಂಡು ಅಲ್ಲ, ಸುಮ್ಮನೆ. ಕೆಳಗೆ ಬಂದು ಎರಡು ರೊಟ್ಟಿ ತಿಂದಳು.

ಆಗಸ್ಟ್ 5. ಸೋಮವಾರ, ಬೆಳಿಗ್ಗೆ

ಅಕ್ಕ ಇನ್ನೂ ಮಲಗಿದ್ದಾಳೆ. ಆರಕ್ಕೇ ಏಳುವವಳು. ಮಲಗಲಿ ಬಿಡು, ನಿದ್ದೆ ಮಾಡಿ ಎಷ್ಟು ದಿನವಾಗಿದೆಯೋ.

ಇವತ್ತು ನಿಮಗೇ ಬರೆಯುತ್ತೇನೆ. ಸಿಟ್ಟು ಬಂದಿದೆ, ಕೇಳಿಸಿಕೊಳ್ಳಿ. ಎರಡು ವರ್ಷ ಗುಟುಕು ಗುಟುಕು ಅಳೆದು ನಿಮ್ಮನ್ನು ಉಳಿಸಿಕೊಂಡೆ. ಐಸಿನ ತುಂಡಿಗೂ ಇಲ್ಲ ಅಂದು ಕೆಟ್ಟವಳಾದೆ. ನೀವು ಒಂದು ಮಧ್ಯಾಹ್ನ ನಗುತ್ತಾ ಮೂರು ಬಾಳೆಹಣ್ಣು ತಿಂದು ಬಂದಿರಿ. ಆಕೆಗೆ ಡಾಕ್ಟರ್ ಹೇಳಿದ್ದಾರೆ ಎಂದಿರಿ, ನನಗೆ ಹೆಸರುಬೇಳೆ ಎಂದಿರಿ. ಬಾಟಲಿಯ ನೀರು ಅಲ್ಲಾಡಿಸಿ ತೋರಿಸಿದಿರಿ. ಸಾಕಾಗಿತ್ತೇ ನಿಮಗೆ? ಇಲ್ಲಾ, ಒಂದು ದಿನ ತಿಂದರೆ ಏನಾಗುತ್ತದೆ ಎಂದುಕೊಂಡಿರಾ? ಇದನ್ನು ಯಾರನ್ನು ಕೇಳಲಿ ನಾನು?

ನಿನ್ನೆ ನಿಮ್ಮ ಸುಳ್ಳನ್ನೇ ಆಕೆಗೆ ಹೇಳಿದೆ. ದಿನಾ ಒಂದು ಕೊಡುತ್ತಿದ್ದೆ ಎಂದೆ. ಮುಂದೆ ಎಂದಾದರೂ ಯಾರಾದರೂ, ಯಾವ ಡಾಕ್ಟರಾದರೂ, ಅಕ್ಕನಿಗೆ ಬಾಳೆಹಣ್ಣಿನ ವಿಷಯ ತಿಳಿಸಿ ಹೇಳಿದರೆ, ಆಕೆಯ ತಮ್ಮನನ್ನು ಕೊಂದವಳು ನಾನೇ ಆಗುತ್ತೇನೆ. ಆಗಲಿ. ಅದಕ್ಕೆ ನನಗೆ ಬೇಜಾರಿಲ್ಲ. ಆಕೆಯ ಕೈ ಸ್ವಚ್ಛ ಇರಲಿ.

ಬೇಜಾರಿರುವುದು ಬೇರೆ. ಅಷ್ಟು ಆಸೆ ಇತ್ತು ಎಂದು ನನಗೆ ಒಂದು ಮಾತು ಹೇಳಬಹುದಿತ್ತಲ್ಲ ರೀ. ಬೈಯುತ್ತಿದ್ದೆ, ಹೌದು. ಕೊಡುತ್ತಿರಲಿಲ್ಲ, ಅದೂ ಹೌದು. ಆದರೆ ಹದಿನೆಂಟು ವರ್ಷ ಜೊತೆಗಿದ್ದವಳು, ಒಂದೇ ಒಂದು ಸಲ, ಬೇಡ ಅನ್ನದೆ, ನನ್ನ ಕೈಯಾರೆ ಸುಲಿದು ನಿಮಗೆ

ಅಕ್ಕ ಎದ್ದಳು. ಕರೆಯುತ್ತಿದ್ದಾಳೆ —